ಹಳೆಯ ತಾರಸಿ ಮನೆಗಳಲ್ಲಿ ಕಬ್ಬಿಣದ ಸರಳುಗಳ ತುಕ್ಕು: ಸಾರ್ವಜನಿಕರಿಗೆ ಮಾಹಿತಿ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕರಾವಳಿ ಭಾಗದ ಹಳೆಯ ಆರ್.ಸಿ.ಸಿ. ಮನೆಗಳಲ್ಲಿ ಛಾವಣಿ, ಬೀಮು, ಕಂಬ ಹಾಗೂ ಸಜ್ಜಾಗಳ ಒಳಗಿನ ಸರಳುಗಳು ತುಕ್ಕು ಹಿಡಿಯುವುದು ಸಾಮಾನ್ಯವಾಗಿದೆ. ದೋಷವು ಕಾಂಕ್ರೀಟಿನ ಒಳಗೇ ಬೆಳೆಯುವುದರಿಂದ ಆರಂಭದಲ್ಲಿ ಕಣ್ಣಿಗೆ ಕಾಣುವುದಿಲ್ಲ. ದುರಸ್ತಿ, ಮೇಲಂತಸ್ತು ಅಥವಾ ಪುನರ್‌ನಿರ್ಮಾಣಕ್ಕೆ ಮುಂದಾಗುವ ಮನೆ ಮಾಲೀಕರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಕಾರಣಗಳು

ಉತ್ತಮ ಕಾಂಕ್ರೀಟು ಕ್ಷಾರೀಯ ಗುಣ ಹೊಂದಿದ್ದು, ಸರಳುಗಳ ಮೇಲೆ ತೆಳುವಾದ ರಕ್ಷಣಾ ಪದರವನ್ನು ಉಂಟುಮಾಡುತ್ತದೆ. ಈ ಪದರವು ಎರಡು ವಿಧದಲ್ಲಿ ನಾಶವಾಗುತ್ತದೆ.

1. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಸೇರಿ ಕ್ಷಾರ ಗುಣವನ್ನು ಕುಗ್ಗಿಸುವುದು.
2. ಕಡಲ ಗಾಳಿಯ ಉಪ್ಪು ಒಳಸೇರುವುದು. ಅಥವಾ ನಿರ್ಮಾಣದ ವೇಳೆ ಉಪ್ಪುನೀರು ಇಲ್ಲವೇ ತೊಳೆಯದ ಕಡಲ ಮರಳನ್ನು ಬಳಸಿರುವುದು.

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಸೀಳಿ ಕಳಚಿ ಬೀಳುತ್ತದೆ. ಸರಳು ಸವೆದು ಛಾವಣಿಯ ಬಲವೂ ಕುಂದುತ್ತದೆ.

ಲಕ್ಷಣಗಳು

* ಸರಳುಗಳ ಗುಂಟ ನೇರವಾದ ಬಿರುಕು
* ಕಂದು ಬಣ್ಣದ ಕಲೆ
* ತಟ್ಟಿದಾಗ ಟೊಳ್ಳು ಶಬ್ದ
* ಗಾರೆ ಅಥವಾ ಕಾಂಕ್ರೀಟು ಉಬ್ಬುವುದು, ಕಳಚುವುದು

ಛಾವಣಿ ಬಾಗಿದ್ದಲ್ಲಿ ಅಥವಾ ಕಾಂಕ್ರೀಟು ಕಳಚುತ್ತಿದ್ದಲ್ಲಿ ಅದರ ಕೆಳಗೆ ಮಲಗಬಾರದು. ಕೊಠಡಿಯನ್ನು ತೆರವುಗೊಳಿಸಿ ಕೂಡಲೇ ಸ್ಟ್ರಕ್ಚರಲ್ ಎಂಜಿನಿಯರರಿಂದ ತಪಾಸಣೆ ಮಾಡಿಸತಕ್ಕದ್ದು.

ಪರೀಕ್ಷೆ

ಆಗ ತಾನೇ ಒಡೆದ ಕಾಂಕ್ರೀಟಿನ ಮೇಲೆ ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರ ಗುಣ ಉಳಿದಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಈ ಪರೀಕ್ಷೆಯಿಂದ ಉಪ್ಪಿನ ಅಂಶ ತಿಳಿಯುವುದಿಲ್ಲವಾದ್ದರಿಂದ, ಕರಾವಳಿಯಲ್ಲಿ ಕಾಂಕ್ರೀಟಿನ ಪುಡಿಯಲ್ಲಿರುವ ಕ್ಲೋರೈಡ್ ಪ್ರಮಾಣವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಅವಶ್ಯ.

ದುರಸ್ತಿ

ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿಯುವುದರಿಂದ ತುಕ್ಕು ನಿಲ್ಲುವುದಿಲ್ಲ. ಮೊದಲು ಛಾವಣಿಗೆ ಆಧಾರದ ಕಂಬಗಳನ್ನು ನಿಲ್ಲಿಸಿ, ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ತೆಗೆದು, ತುಕ್ಕನ್ನು ಪೂರ್ಣವಾಗಿ ಉಜ್ಜಬೇಕು. ಹೆಚ್ಚು ಸವೆದ ಕಡೆ ಎಂಜಿನಿಯರರ ವಿನ್ಯಾಸದಂತೆ ಹೊಸ ಸರಳು ಸೇರಿಸಿ ದುರಸ್ತಿ ಗಾರೆ ತುಂಬಬೇಕು. ಉಪ್ಪು ಎಲ್ಲೆಡೆ ಹರಡಿದ್ದಲ್ಲಿ ತೇಪೆ ಹಾಕಿದ ಜಾಗದ ಪಕ್ಕದಲ್ಲೇ ತುಕ್ಕು ಮತ್ತೆ ಆರಂಭವಾಗುವ ಸಂಭವವಿದ್ದು, ಅಂತಹ ಛಾವಣಿಯನ್ನು ಬದಲಾಯಿಸುವ ಬಗ್ಗೆ ಎಂಜಿನಿಯರರ ಸಲಹೆ ಪಡೆಯುವುದು ಸೂಕ್ತ.

ಹೊಸ ನಿರ್ಮಾಣ ಮತ್ತು ಅನುಮತಿ

ಭಾರತೀಯ ಮಾನಕ ಐ.ಎಸ್. 456:2000ರ ಪ್ರಕಾರ ಕರಾವಳಿ ವಾತಾವರಣಕ್ಕೆ ತೆರೆದ ಆರ್.ಸಿ.ಸಿ. ಕಾಮಗಾರಿಗೆ ಕನಿಷ್ಠ ಎಂ-30 ದರ್ಜೆಯ ಕಾಂಕ್ರೀಟು ಹಾಗೂ ಸರಳುಗಳ ಮೇಲೆ 45 ಮಿ.ಮೀ. ಹೊದಿಕೆ ಇರಬೇಕು. ಮೇಲಂತಸ್ತು ಅಥವಾ ಪುನರ್‌ನಿರ್ಮಾಣಕ್ಕೆ ಸಂಬಂಧಪಟ್ಟ ನಗರ ಸ್ಥಳೀಯ ಸಂಸ್ಥೆ ಇಲ್ಲವೇ ಗ್ರಾಮ ಪಂಚಾಯತಿಯ ಪೂರ್ವಾನುಮತಿ ಪಡೆಯತಕ್ಕದ್ದು. ಹಳೆಯ ಕಟ್ಟಡದ ಮೇಲೆ ಅಂತಸ್ತು ಸೇರಿಸುವವರು ಅರ್ಜಿಗೆ ಮುನ್ನವೇ ಕಟ್ಟಡದ ಸದೃಢತೆಯ ವರದಿ ಪಡೆದಿರುವುದು ಒಳಿತು. ಕರಾವಳಿ ನಿಯಂತ್ರಣ ವಲಯದ ನಿವೇಶನಗಳಿಗೆ ಆ ವಲಯದ ಅಧಿಸೂಚನೆಯ ನಿಬಂಧನೆಗಳೂ ಅನ್ವಯಿಸುತ್ತವೆ.