ಮುಟ್ಟಿನ ಅತಿಸ್ರಾವ ಮತ್ತು ಗರ್ಭಚೀಲದ ಶಸ್ತ್ರಚಿಕಿತ್ಸೆ: ಕಲಬುರಗಿ ಸೀಮೆಯ ಚರಿತ್ರೆ

ಮುಟ್ಟಿನ ಅತಿಸ್ರಾವವನ್ನು ಆಯುರ್ವೇದದ ಸಂಹಿತೆಗಳು ಅಸೃಗ್ದರ, ಪ್ರದರ ಎಂದು ಹೆಸರಿಸಿ ಅದಕ್ಕೆ ಮದ್ದನ್ನೂ ಹೇಳಿವೆ. ಅಶೋಕದ ತೊಗಟೆಯ ಕಷಾಯ ಆ ಪರಂಪರೆಗೆ ಸೇರಿದ್ದು. ಆಧುನಿಕ ವೈದ್ಯಕೀಯದಲ್ಲಿ ಇದಕ್ಕೊಂದು ಅಳತೆ ಸಿಕ್ಕಿದ್ದು 1966ರಲ್ಲಿ ಸ್ವೀಡನ್ನಿನಲ್ಲಿ ನಡೆದ ಅಧ್ಯಯನದಿಂದ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ರಕ್ತಹೀನತೆಯ ಅಪಾಯ ಹೆಚ್ಚೆಂದು ಅದು ತೋರಿಸಿತು. ಮನೆಯಲ್ಲಿ ರಕ್ತವನ್ನು ಅಳೆಯಲಾಗದು. ಹಾಗಾಗಿ ಹೆಣ್ಣಿನ ದಿನನಿತ್ಯದ ಬದುಕಿಗೆ ತೊಡಕಾಗುವ ಸ್ರಾವವೆಲ್ಲವನ್ನೂ ಇಂದು ಅತಿಸ್ರಾವವೆಂದೇ ಪರಿಗಣಿಸಲಾಗುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ತೊಗರಿ ಹೊಲ, ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ಸೀಮೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಹಳ್ಳಿ ಮತ್ತು ತಾಂಡಾಗಳ ಹೆಂಗಸರಿಗೆ ಸೂಲಗಿತ್ತಿಯೇ ಬಹುಕಾಲ ಆಸರೆಯಾಗಿದ್ದಳು. ಮುಟ್ಟಾದವರು ಹೊರಗೆ ಕೂಡಬೇಕೆಂಬ ಕಟ್ಟಳೆಯಿಂದಾಗಿ ಸ್ರಾವದ ಮಾತು ಗಂಡಸರ ಕಿವಿಗೆ ಬೀಳುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯೂ ಸಲೀಸಲ್ಲ: ಕಾಗಿಣಾ ನದಿ ತುಂಬಿ ಹರಿದಾಗ ದಂಡೋತಿಯ ಸೇತುವೆ ಮುಳುಗಿ, ಚಿತ್ತಾಪುರದಿಂದ ಕಲಬುರಗಿಗೆ ಹೋಗುವ ರಸ್ತೆ ಬಂದ್ ಆಗುತ್ತದೆ.

ಸರ್ಕಾರಿ ತಜ್ಞರು ಸುಲಭವಾಗಿ ಸಿಗದ ಕಡೆ ಖಾಸಗಿ ನರ್ಸಿಂಗ್ ಹೋಮ್‌ಗಳು ಬೆಳೆದವು. 2015ರಲ್ಲಿ ಕಲಬುರಗಿ ಜಿಲ್ಲೆಯ ಒಂದು ಕಹಿಸತ್ಯ ಬಯಲಾಯಿತು. ಹೊಟ್ಟೆನೋವು, ಬಿಳಿ ಹೋಗುವುದು, ಹೆಚ್ಚು ರಕ್ತ ಹೋಗುವುದು ಎಂದು ಹೋದ ನೂರಾರು ಹೆಂಗಸರ ಗರ್ಭಚೀಲವನ್ನೇ ತೆಗೆಯಲಾಗಿತ್ತು. ಅವರಲ್ಲಿ ಬಹಳಷ್ಟು ಮಂದಿ ಲಂಬಾಣಿ ಮತ್ತು ದಲಿತ ಸಮುದಾಯದವರು. ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂದು ಹೆದರಿಸಿದರೆಂಬುದು ಅವರ ದೂರು. ಆರೋಗ್ಯ ಹಕ್ಕಿನ ಸಂಘಟನೆಗಳು ದನಿ ಎತ್ತಿದವು, ಸರ್ಕಾರ ತನಿಖೆ ನಡೆಸಿತು. 2017ರಲ್ಲಿ ಸಂತ್ರಸ್ತೆಯರು ನ್ಯಾಯಕ್ಕಾಗಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತರು. ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲ ಬೇಗನೆ ಬಂದು ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯವೂ ಹೆಚ್ಚುತ್ತದೆ. ಹೊಲದಲ್ಲಿ ದುಡಿದು ತಿನ್ನುವವಳಿಗೆ ಈ ಅನಾರೋಗ್ಯ ಕೂಲಿಯ ನಷ್ಟವೂ ಹೌದು.

ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲೂ ಇಂಥ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಅವುಗಳ ವಿರುದ್ಧ ಆರೋಗ್ಯ ಹಕ್ಕಿನ ಕಾರ್ಯಕರ್ತ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ನಿಗಾ ಸಮಿತಿಗಳಿರಬೇಕೆಂದು ಅದು ಹೇಳುತ್ತದೆ. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಕೋರ್ಟು ರಾಜ್ಯಗಳಿಗೆ ಆದೇಶಿಸಿತು.

ಅತಿಸ್ರಾವವು ರೋಗದ ಲಕ್ಷಣ. ಮೊದಲು ಪತ್ತೆಯಾಗಬೇಕಾದದ್ದು ಅದರ ಕಾರಣ. ಗರ್ಭಚೀಲದ ಗಡ್ಡೆ, ಹಾರ್ಮೋನಿನ ಏರುಪೇರು, ಥೈರಾಯ್ಡ್ ತೊಂದರೆ, ರಕ್ತ ಹೆಪ್ಪುಗಟ್ಟದ ದೋಷ, ಕಾಪರ್-ಟಿ, ಅಪರೂಪಕ್ಕೆ ಕ್ಯಾನ್ಸರ್, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಜಪಾನಿನ ಒಕಾಮೊಟೊ ದಂಪತಿ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಸ್ರಾವವನ್ನು ತಗ್ಗಿಸುತ್ತದೆ. ಹಾರ್ಮೋನ್ ಮಾತ್ರೆ, ಗರ್ಭಚೀಲದೊಳಗೆ ಇರಿಸುವ ಹಾರ್ಮೋನ್ ಸಾಧನ, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯೂ ಇವೆ. ಕ್ಯಾನ್ಸರ್‌ನಂಥ ಕಾರಣವಿಲ್ಲದಿದ್ದರೆ ಗರ್ಭಚೀಲ ತೆಗೆಯುವುದು ಕೊನೆಯ ಹೆಜ್ಜೆ.

ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ತೊಯ್ದರೆ, ಮುಟ್ಟು ಏಳು ದಿನ ದಾಟಿದರೆ, ದೊಡ್ಡ ಹೆಪ್ಪುಗಳಾಗಿ ರಕ್ತ ಹೋದರೆ, ಎರಡು ಮುಟ್ಟಿನ ನಡುವೆ ರಕ್ತ ಕಂಡರೆ, ಸುಸ್ತು ಮತ್ತು ಏದುಸಿರು ಹೆಚ್ಚಿದರೆ ವೈದ್ಯರನ್ನು ಕಾಣಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ತಲೆಸುತ್ತಿ ಬಿದ್ದರೆ, ಬಸಿರಿನಲ್ಲಿ ರಕ್ತಸ್ರಾವವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತುರ್ತಿಲ್ಲದ ಸಮಯದಲ್ಲಿ ಶಸ್ತ್ರಚಿಕಿತ್ಸೆಯ ಸಲಹೆ ಬಂದರೆ, ಕಾರಣವೇನು, ಬೇರೆ ದಾರಿ ಯಾವುದು ಎಂದು ಕೇಳುವುದು, ಇನ್ನೊಬ್ಬ ತಜ್ಞರಿಗೆ ತೋರಿಸುವುದು ಪ್ರತಿ ಹೆಣ್ಣಿನ ಹಕ್ಕು.