ನಾಲಗೆಯ ತೀರ್ಪು

ಅಡುಗೆ ಕಲಿಯುವ ಹುಡುಗ ಹುಡುಗಿಯರು ಒಲೆಯ ಮುಂದೆ ನಿಂತು ಒಬ್ಬರನ್ನೊಬ್ಬರು ಸೋಲಿಸಲು ಹೆಣಗುವ ಕಥೆಯೊಂದು ಜಪಾನಿನಲ್ಲಿ ಹುಟ್ಟಿ, ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳವರೆಗೂ ಬಂದಿದೆ. ‘ಶೊಕುಗೆಕಿ ನೊ ಸೋಮ’ ಎಂದು ಅದರ ಹೆಸರು. ‘ಶೊಕು’ ಎಂದರೆ ಊಟ. ‘ಗೆಕಿ’ ಎಂಬುದಕ್ಕೆ ಬಳಸಿರುವ ಅಕ್ಷರದ ಅರ್ಥ, ಹಿಂದಿನ ಯೋಧರು ಹಿಡಿಯುತ್ತಿದ್ದ ಒಂದು ಬಗೆಯ ಈಟಿ. ‘ಅನ್ನಸಮರ’ ಎಂದು ಕನ್ನಡಿಸಿದರೆ ಅಷ್ಟೇನೂ ದೂರವಾಗದು. ತ್ಸುಕುದಾ ಯೂತೊ ಬರೆದು ಸಾಯೆಕಿ ಶುನ್ ಚಿತ್ರಿಸಿದ ಈ ಕಥೆ ೨೦೧೨ರಿಂದ ೨೦೧೯ರವರೆಗೆ ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ೩೬ ಸಂಪುಟಗಳಾಯಿತು. ೨೦೧೫ರಿಂದ ೨೦೨೦ರವರೆಗೆ ಚಲಿಸುವ ಚಿತ್ರವಾಗಿ, ಎಂದರೆ ‘ಆನಿಮೆ’ಯಾಗಿ, ೮೬ ಕಂತುಗಳಲ್ಲಿ ಪ್ರಸಾರವಾಯಿತು.

ಮೊದಲ ನೋಟಕ್ಕೆ ಇದು ಬರಿಯ ಹುಡುಗಾಟ. ತುತ್ತು ಬಾಯಿಗೆ ಬಿದ್ದೊಡನೆ ಉಂಡವರು ಸಮುದ್ರದಲ್ಲಿ ತೇಲುತ್ತಾರೆ, ಮುಗಿಲಿಗೆ ನೆಗೆಯುತ್ತಾರೆ, ಮೈಮೇಲಿನ ಬಟ್ಟೆ ಚಿಂದಿಯಾಗಿ ಹಾರಿಹೋಗುತ್ತದೆ. ಈ ಕೊನೆಯ ಚೇಷ್ಟೆಯನ್ನು, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ, ಚಿತ್ರಕಾರರು ಮಿತಿಮೀರಿ ಬಳಸಿದ್ದಾರೆ; ಅದನ್ನು ಮೆಚ್ಚಲಾರೆ. ಅಲ್ಲದೆ ನಾನು ಸಸ್ಯಾಹಾರಿ. ಅಲ್ಲಿ ಬೇಯುವ ಪದಾರ್ಥಗಳಲ್ಲಿ ಮುಕ್ಕಾಲು ಪಾಲು ನನ್ನ ಎಲೆಗೆ ಬರುವಂಥವಲ್ಲ. ಆದರೂ ಕಂತಿನ ಮೇಲೆ ಕಂತು ನೋಡಿದೆ. ಹಾಗಾದರೆ ಹಿಡಿದು ನಿಲ್ಲಿಸಿದ್ದು ತಿಂಡಿಯಲ್ಲವಷ್ಟೆ, ಮತ್ತೇನು?

ರುಚಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಗದದ ಮೇಲೆ ಮೂಡಿಸಹೊರಟ ಚಿತ್ರಕಾರನಿಗೆ ಉಣ್ಣುವವನ ಮುಖವೊಂದೇ ಗತಿ. ನಮ್ಮ ಭರತಮುನಿ ಇದೇ ಸಂಕಟವನ್ನು ಬೇರೊಂದು ಕಡೆಯಿಂದ ಎದುರಿಸಿದವನು. ನಾಟ್ಯದ ರಸವೆಂದರೇನು ಎಂಬುದನ್ನು ತಿಳಿಸಲು ಅವನು ಹಿಡಿದ ಉಪಮಾನ, ಬಗೆಬಗೆಯ ವ್ಯಂಜನಗಳು ಕೂಡಿದ ಅನ್ನವನ್ನು ಸವಿಯುವ ಮನುಷ್ಯ. ರಸವನ್ನು ನೇರವಾಗಿ ತೋರಿಸಲಾಗದು. ಕಣ್ಣೀರು, ರೋಮಾಂಚ, ನಡುಕ ಎಂಬ ಅನುಭಾವಗಳ ಮೂಲಕ ಸೂಚಿಸಬಹುದು. ತರಗತಿಯಲ್ಲಿ ಇದನ್ನು ಪಾಠ ಹೇಳಿ ಹೇಳಿ ನನಗೇ ಸಪ್ಪೆಯಾಗಿತ್ತು. ಬಟ್ಟೆ ಹಾರುವ ಆ ಅತಿರೇಕವೂ ಒಂದು ಅನುಭಾವವೇ, ತೀರ ಒರಟಾದ ಅನುಭಾವ.

ಉಣ್ಣುವವನ ಮುಖವನ್ನೇ ನೋಡುವುದಾದರೆ ಉಣ್ಣುವವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಜಪಾನಿನಲ್ಲಿ ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಹೆಯಾನ್ ಕಾಲದ ಅರಮನೆಗಳಲ್ಲಿ ಕವಿಗಳು ಎಡ ಬಲ ಎಂದು ಎರಡು ಪಕ್ಷವಾಗಿ, ಕೊಟ್ಟ ವಿಷಯದ ಮೇಲೆ ಪದ್ಯಕ್ಕೆ ಪದ್ಯ ಹೂಡುತ್ತಿದ್ದರು. ಒಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಇವುಗಳ ದಾಖಲೆ ಉಳಿದುಬಂದಿದೆ. ನಡುವೆ ಒಬ್ಬ ತೀರ್ಪುಗಾರ. ಗೆದ್ದದ್ದು ಯಾವುದು, ಏಕೆ ಎಂದು ಅವನು ಹೇಳಿದ ಮಾತನ್ನು ಮುಂದೆ ಬರೆದಿಡುವುದು ರೂಢಿಯಾಗಿ, ಆ ನಾಡಿನ ಕಾವ್ಯಮೀಮಾಂಸೆ ಬಹುಮಟ್ಟಿಗೆ ಈ ತೀರ್ಪುಗಳಿಂದಲೇ ಬೆಳೆಯಿತು. ಹದಿನಾಲ್ಕನೆಯ ಶತಮಾನಕ್ಕೆ ಬಂದರೆ ಪಂದ್ಯ ನಾಲಗೆಗೇ ಇಳಿದಿದೆ. ಬಟ್ಟಲಿನ ಚಹಾ ತೊಗಾನೊ ಎಂಬಲ್ಲಿ ಬೆಳೆದ ಅಸಲಿ ಚಹಾವೋ ಬೇರೆ ಕಡೆಯದೋ ಎಂದು ಕುಡಿದು ಹೇಳಬೇಕು. ಪಣವಾಗಿ ರೇಷ್ಮೆ, ಕತ್ತಿ, ಹಣ. ಇದರ ಹುಚ್ಚು ಎಷ್ಟಾಯಿತೆಂದರೆ ೧೩೩೬ರ ಕೆನ್ಮು ಶಾಸನ ಚಹಾಕೂಟದ ಜೂಜನ್ನು ಖಂಡಿಸಬೇಕಾಯಿತು.

ಇಲ್ಲಿಯವರೆಗೆ ತೀರ್ಪು ದೊಡ್ಡವರ ಸೊತ್ತು. ಪೇಟೆಯ ಜನ ಅದಕ್ಕೆ ಕೈ ಹಾಕಿದ್ದು ಏದೊ ಕಾಲದಲ್ಲಿ. ೧೭೮೨ರಲ್ಲಿ ಓಸಾಕದಿಂದ ಹೊರಟ ‘ತೋಫು ಹ್ಯಾಕುಚಿನ್’ ಎಂಬ ಪುಸ್ತಕ, ಬಡವನಿಗೂ ಎಟುಕುವ ತೋಫುವಿನಿಂದ ನೂರು ಬಗೆ ಮಾಡುವುದನ್ನು ಹೇಳಿ, ಸಾಧಾರಣದಿಂದ ಪರಮೋತ್ಕೃಷ್ಟದವರೆಗೆ ಆರು ತರಗತಿಗಳಲ್ಲಿ ಅವನ್ನು ಕೂರಿಸಿತು. ಸೂಮೊ ಜಟ್ಟಿಗಳ ತರತಮ ಪಟ್ಟಿಯ ಮಾದರಿಯಲ್ಲಿ ಊಟದ ಮನೆಗಳ ಪಟ್ಟಿಗಳು ಅಚ್ಚಾಗಿ ಬೀದಿಯಲ್ಲಿ ಮಾರಾಟವಾದವು. ಏದೊ ನಗರದ ಯಾಓಜೆನ್ ಎಂಬ ಹೆಸರಾಂತ ಊಟದ ಮನೆಯ ಬಗ್ಗೆ ಒಂದು ಕಥೆಯಿದೆ. ಅನ್ನಕ್ಕೆ ಚಹಾ ಹೊಯ್ದು ಉಣ್ಣುವುದು ಅಲ್ಲಿ ನಮ್ಮ ಮಜ್ಜಿಗೆ ಅನ್ನದಷ್ಟೇ ಸಾಮಾನ್ಯ. ಕೆಲವರು ರಸಿಕರು ಅದನ್ನೇ ಕೇಳಿದರಂತೆ. ಅರ್ಧ ದಿನ ಕಾಯಿಸಿ ಬಡಿಸಿದ ಮಾಲೀಕ ಒಂದು ರ್‍ಯೋ ಎರಡು ಬು ಚಿನ್ನದ ಲೆಕ್ಕ ಮುಂದಿಟ್ಟ. ಬೆರಗಾಗಿ ಕಾರಣ ಕೇಳಿದರೆ, ಆ ಚಹಾಕ್ಕೆ ತಕ್ಕ ನೀರು ದೂರದ ತಾಮಾ ನದಿಯದು. ಆಳು ಓಡಿಹೋಗಿ ತಂದಿದ್ದಾನೆ ಎಂದನಂತೆ. ರಸಿಕತೆಯ ಶಿಖರವೆಂದು ಇದನ್ನು ಹೇಳುವವರುಂಟು. ನನಗೆ ಇದು ಮಜ್ಜಿಗೆ ಅನ್ನವನ್ನು ಬಡವನ ತಟ್ಟೆಯಿಂದ ಕಸಿದುಕೊಂಡ ಕಥೆಯಾಗಿಯೂ ಕೇಳಿಸುತ್ತದೆ.

ಇಪ್ಪತ್ತನೆಯ ಶತಮಾನದ ಅಡುಗೆಯ ಚಿತ್ರಕಥೆಗಳು ಹೊರಟದ್ದು ಇದನ್ನು ತಿರುಗಿ ಕಸಿದುಕೊಳ್ಳುವುದಕ್ಕೆ. ೧೯೭೩ರಲ್ಲಿ ಆರಂಭವಾದ ‘ಹೋಚೋನಿನ್ ಅಜಿಹೆಯಿ’ ಇವುಗಳಲ್ಲಿ ಮೊದಲ ಸಾಲಿನದು. ತಂದೆ ಪ್ರತಿಷ್ಠಿತ ಪಾಕಪ್ರವೀಣ. ಮಗ ಆ ಪರಂಪರೆಯನ್ನು ಬಿಟ್ಟು, ಸಾಮಾನ್ಯ ಜನರಿಗೆ ಅಗ್ಗವಾಗಿ ಬಡಿಸುವ ಅಡುಗೆಯವನಾಗುತ್ತೇನೆಂದು ಹೊರಡುತ್ತಾನೆ. ಅದರಲ್ಲಿ ಕರಿಯ ಬಣ್ಣದ ಕರಿ ಸಾರಿನ ಪ್ರಸಂಗವೊಂದು ಬಲು ಪ್ರಸಿದ್ಧ. ಎದುರಾಳಿಯ ಸಾರಿಗೆ ಜನ ಮುಗಿಬೀಳುತ್ತಾರೆ. ಕೊನೆಗೆ ನೋಡಿದರೆ ಅದರ ಮಸಾಲೆಯಲ್ಲಿ ಅಮಲಿನ ಗುಣವಿದೆ.

ಕರಿ ಸಾರಿನ ಮಾತು ಬಂದದ್ದರಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತೇನೆ. ಜಪಾನಿಗೆ ಅದು ಹೋದದ್ದು ಮೇಜಿ ಕಾಲದಲ್ಲಿ, ನಮ್ಮಿಂದಲ್ಲ, ಇಂಗ್ಲೆಂಡಿನಿಂದ. ಕ್ರಾಂತಿಕಾರಿ ರಾಸಬಿಹಾರಿ ಬೋಸರು ೧೯೧೫ರಲ್ಲಿ ಬ್ರಿಟಿಷರ ಕೈ ತಪ್ಪಿಸಿಕೊಂಡು ಜಪಾನಿಗೆ ಹೋದಾಗ ಅವರನ್ನು ಬಚ್ಚಿಟ್ಟುಕೊಂಡವರು ಟೋಕಿಯೋದ ನಾಕಾಮುರಾಯಾ ಎಂಬ ತಿಂಡಿ ಅಂಗಡಿಯ ದಂಪತಿಗಳು. ೧೯೧೮ರಲ್ಲಿ ಅವರ ಮಗಳು ತೋಶಿಕೊಳನ್ನೇ ಬೋಸರು ಮದುವೆಯಾದರು. ಹಿಟ್ಟು ಕದಡಿ ಗಟ್ಟಿಮಾಡಿದ ಇಂಗ್ಲಿಷ್ ಬಗೆಯ ಸಾರು ಭಾರತದ ಹೆಸರಿನಲ್ಲಿ ನಡೆಯುವುದು ಅವರಿಗೆ ಸೇರಲಿಲ್ಲ. ೧೯೨೭ರಿಂದ ಆ ಅಂಗಡಿ ಬೋಸರ ಮಾರ್ಗದರ್ಶನದಲ್ಲಿ ಭಾರತೀಯ ಕರಿಯನ್ನು ಬಡಿಸತೊಡಗಿತು. ಆ ಮನೆತನದ ಹೆಸರೂ ಸೋಮಾ! ನಮ್ಮ ಕಥಾನಾಯಕನ ಹೆಸರಿನ ಅಕ್ಷರಗಳು ಬೇರೆ. ಕಾಕತಾಳೀಯವೆಂದು ನಕ್ಕು ಮುಂದೆ ಹೋಗಬೇಕು.

೧೯೮೩ರಲ್ಲಿ ಬಂದ ‘ಓಯಿಶಿಂಬೊ’ ದೊಡ್ಡವರು ಓದುವ ಕಥೆ. ಒಬ್ಬ ಪತ್ರಕರ್ತ, ಅವನಿಗೆ ಎದುರಾಗಿ, ರುಚಿಯ ವಿಷಯದಲ್ಲಿ ನಿರಂಕುಶನಾದ ಅವನ ತಂದೆ. ಕುಂಬಾರಿಕೆಯಲ್ಲಿಯೂ ಪಾಕದಲ್ಲಿಯೂ ಹೆಸರಾಗಿದ್ದ ಕಿತಾಓಜಿ ರೊಸಾನ್‌ಜಿನ್ ಎಂಬ ಕಲಾವಿದನ ನೆರಳು ಆ ತಂದೆಯ ಮೇಲಿದೆ. ಹತ್ತು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾದವು. ಆದರೆ ಅಲ್ಲಿ ಮಗನೂ ತಂದೆಯಂತೆಯೇ ಉಪದೇಶ ಮಾಡುತ್ತಾನೆ. ನಗುವಿಗೆ ಎಡೆ ಕಡಮೆ. ನಗುವನ್ನು ತಂದದ್ದು ೧೯೮೬ರ ‘ಮಿಸ್ಟರ್ ಅಜಿಕ್ಕೊ’. ತಾಯಿಯೊಡನೆ ಸಣ್ಣ ಊಟದ ಮನೆ ನಡೆಸುವ ಹುಡುಗ, ಅವನ ಅಡುಗೆಯನ್ನು ಪರೀಕ್ಷಿಸುವ ರುಚಿಯ ಚಕ್ರವರ್ತಿ. ಮರುವರ್ಷ ಚಲಿಸುವ ಚಿತ್ರವಾದಾಗ, ಆ ಮುದುಕ ಬಾಯಿಗಿಟ್ಟು ‘ರುಚಿಯಾಗಿದೆ!’ ಎಂದು ಗರ್ಜಿಸಿದರೆ ಬಾಯಿಂದ ಬೆಳಕಿನ ಧಾರೆಯೇ ಹೊರಡುತ್ತಿತ್ತು. ಸೋಮನ ಕಥೆಯ ಅತಿರೇಕಗಳಿಗೆಲ್ಲ ಈ ಮುದುಕನೇ ಅಜ್ಜ. ೧೯೯೩ರಿಂದ ೧೯೯೯ರವರೆಗೆ ನಡೆದ ‘ರ್‍ಯೋರಿ ನೊ ತೆತ್ಸುಜಿನ್’ ಎಂಬ ದೂರದರ್ಶನದ ಪಂದ್ಯದಲ್ಲಿ ನಿಜವಾದ ಬಾಣಸಿಗರೇ ಗಡಿಯಾರ ಹಿಡಿದು ಸೆಣಸಿದರು. ಚಿತ್ರಕಥೆ ಮಾಡಿದ್ದನ್ನು ಬದುಕು ಅನುಕರಿಸಿತು ಎನ್ನಬೇಕು.

ಸೋಮ ಇವರೆಲ್ಲರ ವಾರಸುದಾರ. ಬೀದಿಬದಿಯ ಊಟದ ಮನೆಯ ಹುಡುಗ. ಆ ಜಾಗವನ್ನು ಕಬಳಿಸಬಂದವರು ಸಾಮಾನನ್ನೆಲ್ಲ ಹಾಳುಗೆಡವಿ, ಮಾಂಸದ ಅಡುಗೆ ಬಡಿಸು ನೋಡೋಣ ಎಂದು ಸವಾಲೆಸೆದಾಗ, ಆಲೂಗಡ್ಡೆಯನ್ನು ಹಿಸುಕಿ ಅದಕ್ಕೆ ಬೇಕನ್ನಿನ ಪಟ್ಟಿ ಸುತ್ತಿ, ಹುರಿದ ಮಾಂಸದ ಭ್ರಮೆ ಹುಟ್ಟಿಸಿ ಅವರ ಬಾಯಿ ಮುಚ್ಚಿಸುತ್ತಾನೆ. ತಂದೆಯೊಡನೆ ಹೂಡಿದ ಪಂದ್ಯಗಳಲ್ಲಿ ಮಾತ್ರ ಐನೂರರ ಹತ್ತಿರ ಸೋತಿದ್ದಾನೆ, ಒಂದೂ ಗೆದ್ದಿಲ್ಲ. ಸ್ಕ್ವಿಡ್ಡಿನ ಕಾಲುಗಳನ್ನು ಕಡಲೆಕಾಯಿ ಬೆಣ್ಣೆಯಲ್ಲಿ ಅದ್ದಿದಂಥ ಘೋರ ಪ್ರಯೋಗಗಳನ್ನು ಗೆಳೆಯರ ಬಾಯಿಗೆ ತುರುಕಿ, ಅವರು ಹೊಟ್ಟೆ ತೊಳಸಿ ಒದ್ದಾಡುವಾಗ ತಾನು ನಗುತ್ತಾನೆ. ಗೆದ್ದಾಗ ಹಣೆಯ ಬಟ್ಟೆಯನ್ನು ಬಿಚ್ಚಿ ‘ಒಸೊಮಾತ್ಸು’ ಎನ್ನುತ್ತಾನೆ. ಜಪಾನಿನಲ್ಲಿ ಉಂಡವರು ಉಪಚಾರದ ಮಾತಾಡಿದಾಗ ಬಡಿಸಿದವರು ಹೇಳುವ ಮಾತು ಅದು. ಏನೂ ಮಾಡಿರಲಿಲ್ಲ, ಬರಿಯ ಅನ್ನ ಸಾರು ಎಂದು ನಮ್ಮ ಮನೆಗಳಲ್ಲಿ ಹೇಳುವುದಿಲ್ಲವೆ, ಹಾಗೆ. ಸಂಕೋಚದ ಆ ನುಡಿ ಇವನ ಬಾಯಲ್ಲಿ ಮೀಸೆ ತಿರುವಿದಂತೆ ಕೇಳಿಸುತ್ತದೆ.

ತಂದೆ ಅವನನ್ನು ಕಳಿಸುವುದು ತೋತ್ಸುಕಿ ಎಂಬ ವಿದ್ಯಾಲಯಕ್ಕೆ. ಅಲ್ಲಿ ತೇರ್ಗಡೆಯಾಗಿ ಹೊರಬರುವವರು ನೂರಕ್ಕೆ ಹತ್ತಕ್ಕೂ ಕಡಮೆ. ಉಳಿದವರನ್ನು ನಡುದಾರಿಯಲ್ಲಿಯೇ ಹೊರದೂಡುತ್ತಾರೆ. ಅಧ್ಯಾಪಕನ ಕಣ್ಣಿಗೆ ಅದು ವಿದ್ಯಾಲಯವಲ್ಲ, ಜರಡಿ. ಪ್ರವೇಶ ಪರೀಕ್ಷೆಗೆ ಪರೀಕ್ಷಕಳಾಗಿ ಕೂತವಳು ನಾಕಿರಿ ಎರಿನಾ. ದೇವರ ನಾಲಗೆ ಎಂದು ಬಿರುದು ಪಡೆದವಳು. ಅವಳನ್ನು ಕಂಡೇ ಉಳಿದ ಅಭ್ಯರ್ಥಿಗಳೆಲ್ಲ ಓಡಿಹೋಗುತ್ತಾರೆ. ಮೊಟ್ಟೆಯಿಂದ ಏನಾದರೂ ಮಾಡು ಎಂದರೆ, ಸೋಮ ಮಾಡುವುದು ಅನ್ನದ ಮೇಲೆ ಉದುರಿಸಿಕೊಳ್ಳುವ ಪುಡಿಪಲ್ಯದಂಥದು. ಆಕೆಗೆ ಹೇಸಿಗೆ. ಆದರೆ ಅದರೊಳಗೆ ಕೋಳಿಯ ರೆಕ್ಕೆಯ ರಸವನ್ನು ಹೆಪ್ಪುಗಟ್ಟಿಸಿ ತುಂಡರಿಸಿ ಬೆರೆಸಿದ್ದಾನೆ. ಬಿಸಿ ಅನ್ನ ತಾಗಿದೊಡನೆ ತುಂಡುಗಳು ಕರಗಿ, ಒಣಪಲ್ಯ ಹೊಳೆಯುತ್ತ ಅನ್ನವನ್ನೆಲ್ಲ ಹೊದೆಯುತ್ತದೆ. ಆಕೆ ಒಂದು ತುತ್ತು ತಿನ್ನುತ್ತಾಳೆ. ಮೈ ಜುಮ್ಮೆನ್ನುತ್ತದೆ, ಕೆನ್ನೆ ಕೆಂಪೇರುತ್ತದೆ. ಬಾಯಿ ಮಾತ್ರ ‘ರುಚಿಯಿಲ್ಲ’ ಎನ್ನುತ್ತದೆ.

ಇಡೀ ಮಾಲೆಯ ಜೀವ ಈ ಒಂದು ಗಳಿಗೆಯಲ್ಲಿದೆಯೆಂದು ನನ್ನ ಎಣಿಕೆ. ನಾಲಗೆ ಒಂದು ತೀರ್ಪು ಕೊಟ್ಟಿದೆ, ಕುಲ ಇನ್ನೊಂದು. ನಳನ ಕೈಯಡುಗೆಯನ್ನು ಬಾಯಿಗಿಟ್ಟು, ಕುರೂಪಿ ಬಾಹುಕನೇ ತನ್ನ ಗಂಡನೆಂದು ಗುರುತಿಸಿದ ದಮಯಂತಿಗೆ ಒಪ್ಪಿಕೊಳ್ಳಲು ಅಡ್ಡಿಯಾಗಲಿ ಹೆದರಿಕೆಯಾಗಲಿ ಇರಲಿಲ್ಲ; ಎರಿನಾಳಿಗೆ ಒಪ್ಪಿಕೊಂಡರೆ ಸಿಂಹಾಸನವೇ ಅಲ್ಲಾಡುತ್ತದೆ. ನೋಡುವವರಿಗೆ ನಗು ಬರುವುದು ಈ ಒದ್ದಾಟಕ್ಕೆ. ಗಾದಿಯ ಮೇಲೆ ಕೂತವರ ಮೈಯೇ ಅವರ ಮೇಲೆ ಸಾಕ್ಷಿ ಹೇಳಿಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವವರಲ್ಲಿ ಇಂಥ ಗಳಿಗೆಯನ್ನು ಅರಿಯದವರು ಕಡಮೆ. ಯಾವುದೋ ಹಳ್ಳಿಯ ಹುಡುಗ, ಗ್ರಂಥಗಳ ಹೆಸರೊಂದನ್ನೂ ಎತ್ತದೆ, ಪದ್ಯದ ಬಗ್ಗೆ ಎರಡು ಸಾಲು ಬರೆದಿರುತ್ತಾನೆ. ಓದಿದವರ ಮೈ ಜುಮ್ಮೆನ್ನುತ್ತದೆ. ಅಂಕಕೋಷ್ಟಕದಲ್ಲಿ ಆ ಜುಮ್ಮಿಗೆ ಕಲಂ ಇಲ್ಲ. ನಮ್ಮ ಹುಡುಗರು ಆ ಪರದೇಶದ ಚಿತ್ರವನ್ನು ರಾತ್ರಿಯೆಲ್ಲ ಕೂತು ನೋಡುವುದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಎರಿನಾ ಹುಡುಗನನ್ನು ಅನುತ್ತೀರ್ಣನೆಂದು ಕಳಿಸಿಬಿಡುತ್ತಾಳೆ. ಆಮೇಲೆ ಅವಳ ಅಜ್ಜ, ಆ ವಿದ್ಯಾಲಯದ ಮುಖ್ಯಸ್ಥ, ಉಳಿದಿದ್ದ ಆ ಅಡುಗೆಯ ರುಚಿ ನೋಡುತ್ತಾನೆ. ಅಂಥ ಗಂಭೀರ ಮುದುಕನ ನಿಲುವಂಗಿಯೂ ಭುಜದಿಂದ ಜಾರುತ್ತದೆ. ಸೋಮನಿಗೆ ಪ್ರವೇಶ ಸಿಕ್ಕುತ್ತದೆ.