ಪದವಿ ಇಲ್ಲದ ಇಂಗ್ಲಿಷ್ ಮೇಷ್ಟರುಗಳು

ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಿ ಬದುಕು ಕಟ್ಟಿಕೊಳ್ಳಬೇಕೆಂದು ಬಯಸುವವರಿಗೆ ಇಂದು ಎದುರಾಗುವ ಪ್ರಶ್ನೆಗಳು ಮುಖ್ಯವಾಗಿ ಎರಡು. ವಿಶ್ವವಿದ್ಯಾನಿಲಯದ ಪದವಿ ಇದೆಯೇ? ಯಾವ ದೇಶದ ಪಾಸ್‌ಪೋರ್ಟ್? ಚೆನ್ನಾಗಿ ಕಲಿಸಬಲ್ಲಿರಾ ಎಂಬ ಪ್ರಶ್ನೆ ಬರುವುದು ಆಮೇಲೆ. ಕೆಲವೊಮ್ಮೆ ಅದು ಬರುವುದೇ ಇಲ್ಲ. ಮನೆಯ ಕಷ್ಟದಿಂದ ಪಿಯುಸಿಗೇ ಓದು ನಿಲ್ಲಿಸಿ, ಬಳಿಕ ಸ್ವಂತ ಪ್ರಯತ್ನದಿಂದ ಸೊಗಸಾದ ಇಂಗ್ಲಿಷ್ ಕಲಿತ ಹುಡುಗ ಹುಡುಗಿಯರನ್ನು ನಾವೆಲ್ಲರೂ ಬಲ್ಲೆವು. ಅವರ ಪಾಲಿಗೆ ಈ ಎರಡು ಬಾಗಿಲುಗಳೂ ಮುಚ್ಚಿವೆ.

ಈ ನಿಯಮ ಮೊದಲಿನಿಂದಲೂ ಇದ್ದದ್ದು ಎಂದು ನಾವು ಭಾವಿಸಿದ್ದೇವೆ. ಚರಿತ್ರೆಯ ಸಾಕ್ಷ್ಯ ಬೇರೆಯೇ ಇದೆ. ಏಷ್ಯಾದ ದೇಶಗಳಿಗೆ ಇಂಗ್ಲಿಷನ್ನು ಕೊಂಡೊಯ್ದ ಹೆಸರಾಂತ ಶಿಕ್ಷಕರಲ್ಲಿ ಹಲವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರಲ್ಲಿ ಮೂವರ ಬದುಕನ್ನು ಇಲ್ಲಿ ನೋಡೋಣ.

ಸೆರೆಮನೆಯೇ ಶಾಲೆ

ಜಪಾನ್ 17ನೇ ಶತಮಾನದ ಮಧ್ಯದಿಂದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಪಾಶ್ಚಾತ್ಯರಿಗೆ ಬಾಗಿಲು ಮುಚ್ಚಿಕೊಂಡಿತ್ತು. ಡಚ್ಚರಿಗೆ ಮಾತ್ರ ನಾಗಸಾಕಿ ಬಂದರಿನ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ವ್ಯಾಪಾರದ ಅವಕಾಶವಿತ್ತು. ಹೀಗಾಗಿ ಜಪಾನಿನ ಸರಕಾರಿ ದುಭಾಷಿಗಳು ಕಲಿಯುತ್ತಿದ್ದದ್ದು ಡಚ್ ಭಾಷೆ. 1808ರಲ್ಲಿ ಫೇಟನ್ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ನಾಗಸಾಕಿಗೆ ನುಗ್ಗಿತು. ಬೆಚ್ಚಿದ ಸರಕಾರ ದುಭಾಷಿಗಳಿಗೆ ಇಂಗ್ಲಿಷ್ ಕಲಿಯಲು ಆಜ್ಞೆ ಮಾಡಿತು. ಆದರೆ ಕಲಿಸುವವರು ಯಾರು? ದೆಜಿಮಾದ ಒಬ್ಬ ಡಚ್ ಅಧಿಕಾರಿಯೇ ತನಗೆ ಬಂದಷ್ಟು ಇಂಗ್ಲಿಷನ್ನು ಹೇಳಿಕೊಡಬೇಕಾಯಿತು. ಅದರ ಉಚ್ಚಾರಣೆ ಡಚ್ಚಿನ ನೆರಳಿನಲ್ಲೇ ಬೆಳೆಯಿತು.

ಇಂಥ ಹೊತ್ತಿನಲ್ಲಿ, 1848ರ ಬೇಸಿಗೆಯಲ್ಲಿ, ಜಪಾನಿನ ಉತ್ತರ ತುದಿಯ ರಿಶಿರಿ ದ್ವೀಪಕ್ಕೆ ಒಂದು ಚಿಕ್ಕ ದೋಣಿಯಲ್ಲಿ ಒಬ್ಬನೇ ಬಂದಿಳಿದವನು ರಾನಲ್ಡ್ ಮ್ಯಾಕ್‌ಡೊನಾಲ್ಡ್. ವಯಸ್ಸು 24. ಅವನು ಹುಟ್ಟಿದ್ದು 1824ರಲ್ಲಿ, ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಫೋರ್ಟ್ ಜಾರ್ಜ್‌ನಲ್ಲಿ. ಇಂದಿನ ಅಸ್ಟೋರಿಯಾ ನಗರ ಇರುವುದು ಅಲ್ಲಿಯೇ. ತಂದೆ ಹಡ್ಸನ್ಸ್ ಬೇ ಕಂಪೆನಿಯಲ್ಲಿ ಕೆಲಸಕ್ಕಿದ್ದ ಸ್ಕಾಟಿಷ್ ವ್ಯಕ್ತಿ. ತಾಯಿ ಚಿನೂಕ್ ಬುಡಕಟ್ಟಿನ ನಾಯಕ ಕಾಮ್‌ಕಾಮ್ಲಿಯ ಮಗಳು. ರೆಡ್ ರಿವರ್ ವಸಾಹತಿನ ಶಾಲೆಯಲ್ಲಿ ಓದಿದ ಹುಡುಗನನ್ನು ತಂದೆ ಬ್ಯಾಂಕಿನ ಕೆಲಸ ಕಲಿಯಲು ಕಳುಹಿಸಿದರು. ಅದು ಒಗ್ಗಲಿಲ್ಲ. ಅವನು ತಿಮಿಂಗಿಲ ಬೇಟೆಯ ಹಡಗು ಹತ್ತಿ ನಾವಿಕನಾದ. ಜಪಾನಿನ ಬಳಿ ಬಂದಾಗ ಕಪ್ತಾನನನ್ನು ಒಪ್ಪಿಸಿ ದೋಣಿಯೊಂದನ್ನು ಪಡೆದು, ಹಡಗು ಒಡೆದು ದಿಕ್ಕು ತಪ್ಪಿದವನಂತೆ ನಟಿಸಿ ದಡ ಸೇರಿದ.

ಅವನನ್ನು ಮೊದಲು ಕಂಡವರು ಅಲ್ಲಿನ ಮೂಲನಿವಾಸಿಗಳಾದ ಐನು ಜನ. ಅಧಿಕಾರಿಗಳು ಅವನನ್ನು ಬಂಧಿಸಿ ಹಂತಹಂತವಾಗಿ ನಾಗಸಾಕಿಗೆ ಸಾಗಿಸಿದರು. ಅಲ್ಲಿ ದೇವಾಲಯವೊಂದಕ್ಕೆ ಸೇರಿದ ಕಟ್ಟಡದ ಕೋಣೆಯೇ ಅವನಿಗೆ ಸೆರೆಮನೆಯಾಯಿತು. ಅನುಮತಿಯಿಲ್ಲದೆ ದೇಶದೊಳಗೆ ಕಾಲಿಟ್ಟವನಿಗೆ ಕಠಿಣ ಶಿಕ್ಷೆ ಆಗಬಹುದಿತ್ತು. ಆದರೆ ಅಧಿಕಾರಿಗಳು ಬೇರೊಂದನ್ನು ಗಮನಿಸಿದರು. ಈತ ಸೌಮ್ಯ ಸ್ವಭಾವದವನು, ಸ್ವಲ್ಪ ಓದು ಬಲ್ಲವನು, ಜಪಾನಿ ಮಾತುಗಳನ್ನು ಆಸಕ್ತಿಯಿಂದ ಕೇಳಿ ಬರೆದುಕೊಳ್ಳುವವನು. ಎಲ್ಲಕ್ಕಿಂತ ಹೆಚ್ಚಾಗಿ, ಇಂಗ್ಲಿಷ್ ಇವನ ಮನೆಮಾತು.

ಹೀಗೆ 14 ದುಭಾಷಿಗಳು ಅವನ ಶಿಷ್ಯರಾದರು. ಕೋಣೆಯ ಸರಳುಗಳ ಒಳಗೆ ಮೇಷ್ಟರು, ಹೊರಗೆ ವಿದ್ಯಾರ್ಥಿಗಳು! ಅವರು ಒಬ್ಬೊಬ್ಬರಾಗಿ ಇಂಗ್ಲಿಷ್ ಓದುವರು, ಇವನು ಉಚ್ಚಾರಣೆ ತಿದ್ದುವನು. ಅರ್ಥ ಸಿಗದಿದ್ದಲ್ಲಿ ಡಚ್ ನಿಘಂಟಿನ ನೆರವು. ಲಕಾರ ಅವರ ನಾಲಿಗೆಯಲ್ಲಿ ರಕಾರವಾಗುತ್ತಿತ್ತು. ಅದನ್ನು ಸರಿಪಡಿಸುವುದೇ ದೊಡ್ಡ ಕೆಲಸವಾಗಿತ್ತೆಂದು ಅವನ ಬರಹಗಳಿಂದ ತಿಳಿಯುತ್ತದೆ. ಶಿಷ್ಯರ ಹೆಸರುಗಳನ್ನು ಅವನು ಬರೆದಿಟ್ಟುಕೊಂಡಿದ್ದ. ತಾನು ಕೇಳಿದ ಜಪಾನಿ ಪದಗಳ ಪಟ್ಟಿಯನ್ನೂ ಮಾಡಿದ್ದ. 1849ರ ಏಪ್ರಿಲ್‌ನಲ್ಲಿ ಪ್ರೆಬಲ್ ಎಂಬ ಅಮೆರಿಕನ್ ನೌಕೆ ಬಂದು ಅವನನ್ನು ಬಿಡಿಸಿಕೊಂಡು ಹೋಯಿತು. ಶಾಲೆ ನಡೆದದ್ದು ಕೆಲವೇ ತಿಂಗಳು.

ಆ ಕೆಲವು ತಿಂಗಳುಗಳ ಫಲ ಸಣ್ಣದಲ್ಲ. ಶಿಷ್ಯರಲ್ಲಿ ಚುರುಕಾದವನು ಮೊರಿಯಾಮ ಎಯಿನೊಸುಕೆ. 1854ರಲ್ಲಿ ಅಮೆರಿಕದ ಪೆರ್ರಿ ಯುದ್ಧನೌಕೆಗಳೊಂದಿಗೆ ಬಂದು ಒಪ್ಪಂದಕ್ಕೆ ಒತ್ತಾಯಿಸಿದಾಗ ಮಾತುಕತೆಯಲ್ಲಿ ದುಭಾಷಿಯಾಗಿ ದುಡಿದವನು ಇದೇ ಮೊರಿಯಾಮ. ಮುಂದೆ ಆಧುನಿಕ ಜಪಾನಿನ ದೊಡ್ಡ ಚಿಂತಕನೆನಿಸಿದ ಫುಕುಜಾವ ಯುಕಿಚಿ, 1859ರಲ್ಲಿ ಯೊಕೊಹಾಮಕ್ಕೆ ಹೋಗಿ ತಾನು ಕಷ್ಟಪಟ್ಟು ಕಲಿತ ಡಚ್ ಅಲ್ಲಿ ಯಾರಿಗೂ ಅರ್ಥವಾಗದೆಂದು ತಿಳಿದು ಕಂಗಾಲಾದ. ಇಂಗ್ಲಿಷ್ ಹೇಳಿಸಿಕೊಳ್ಳಲು ಅವನು ಹುಡುಕಿಕೊಂಡು ಹೋದದ್ದು ಮೊರಿಯಾಮನ ಮನೆಯನ್ನೇ. ಸರಕಾರದ ಕೆಲಸದಲ್ಲಿ ಮುಳುಗಿದ್ದ ಮೊರಿಯಾಮನಿಗೆ ಪಾಠ ಹೇಳಲು ಪುರುಸೊತ್ತೇ ಇರಲಿಲ್ಲ ಎಂಬುದು ಬೇರೆ ಮಾತು. ಒಂದು ರಾಷ್ಟ್ರ ಹೊರಜಗತ್ತಿನೊಡನೆ ಮಾತನಾಡಲು ಕಲಿತದ್ದರಲ್ಲಿ ಪದವಿಯಿಲ್ಲದ, ಮಿಶ್ರ ಕುಲದ, ಬುಡಕಟ್ಟು ತಾಯಿಯ ಮಗನೊಬ್ಬನ ಪಾಲಿದೆ. ಅವನು 1894ರಲ್ಲಿ ತೀರಿಕೊಂಡ. ಅವನ ನೆನಪುಗಳ ಪುಸ್ತಕ ಅಚ್ಚಾದದ್ದು 1923ರಲ್ಲಿ.

ಹುಟ್ಟೂರನ್ನು ಮುಚ್ಚಿಟ್ಟ ಶಿಕ್ಷಕಿ

ಎರಡನೆಯ ಕಥೆಯ ಬೇರು ನಮ್ಮ ನೆಲದಲ್ಲಿದೆ. ಸಯಾಮಿನ ದೊರೆ ಮೊಂಗ್‌ಕುಟ್, ಇಂದಿನ ಥಾಯ್ಲೆಂಡನ್ನು ಆಳುತ್ತಿದ್ದವನು, ತನ್ನ ಮಕ್ಕಳಿಗೂ ರಾಣಿವಾಸದವರಿಗೂ ಇಂಗ್ಲಿಷ್ ಕಲಿಸಲು ಶಿಕ್ಷಕಿಯನ್ನು ಹುಡುಕುತ್ತಿದ್ದ. ಅದಕ್ಕೆ ಮುನ್ನ ಮಿಷನರಿಗಳ ಪತ್ನಿಯರು ಅರಮನೆಗೆ ಬಂದು ಕಲಿಸುತ್ತಿದ್ದರು. ಪಾಠದ ಜತೆ ಮತಪ್ರಚಾರವೂ ನಡೆಯಿತೆಂದು ಅದು ನಿಂತಿತ್ತು. ಆದ್ದರಿಂದ ದೊರೆ ಸ್ಪಷ್ಟವಾಗಿ ತಿಳಿಸಿದ್ದ: ಭಾಷೆ, ವಿಜ್ಞಾನ, ಸಾಹಿತ್ಯ ಕಲಿಸಿದರೆ ಸಾಕು, ಮತಾಂತರದ ಪ್ರಯತ್ನ ಬೇಡ. 1862ರಲ್ಲಿ ಈ ಕೆಲಸಕ್ಕೆ ಸಿಂಗಪುರದಿಂದ ಬಂದವಳು ಅನ್ನಾ ಲಿಯೊನೋವೆನ್ಸ್.

ತಾನು ವೇಲ್ಸಿನಲ್ಲಿ ಹುಟ್ಟಿದವಳು, ತಂದೆ ಸೇನೆಯಲ್ಲಿ ಕ್ಯಾಪ್ಟನ್, ತೀರಿಹೋದ ಗಂಡ ಮೇಜರ್ ಎಂದು ಅವಳು ಹೇಳಿಕೊಂಡಿದ್ದಳು. ಸಾಯುವವರೆಗೂ ಅದನ್ನೇ ಹೇಳಿದಳು. 1970ರ ದಶಕದಲ್ಲಿ ಸಂಶೋಧಕರು ದಾಖಲೆಗಳನ್ನು ಕೆದಕಿದಾಗ ಹೊರಬಂದ ಸತ್ಯ ಬೇರೆ. ಅವಳು ಹುಟ್ಟಿದ್ದು 1831ರಲ್ಲಿ ಅಹಮದ್‌ನಗರದಲ್ಲಿ. ತಂದೆ ಕಂಪೆನಿ ಸೇನೆಯ ಬಡ ಸಾರ್ಜೆಂಟ್. ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ತಾಯಿಯ ಕಡೆಯಿಂದ ಭಾರತೀಯ ರಕ್ತವಿತ್ತೆಂದು ಸಂಶೋಧಕರು ಹೇಳುತ್ತಾರೆ. ಗಂಡ ಸಾಧಾರಣ ಗುಮಾಸ್ತ. 1859ರಲ್ಲಿ ಪೆನಾಂಗ್‌ನಲ್ಲಿ ಅವನು ತೀರಿಕೊಂಡಾಗ ಅವಳ ಕೈಯಲ್ಲಿ ಎರಡು ಮಕ್ಕಳಿದ್ದವು, ಕಾಸಿರಲಿಲ್ಲ.

ಅವಳು ಸುಳ್ಳು ಹೇಳಿದ್ದು ಯಾಕೆ ಎಂದು ನಾವು ಕೇಳಿಕೊಳ್ಳಬೇಕು. ಪದವಿ ಇಲ್ಲವೆಂಬುದಕ್ಕಾಗಿ ಅವಳು ಹೆದರಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಬ್ರಿಟಿಷ್ ವಿಶ್ವವಿದ್ಯಾನಿಲಯಗಳು ಪದವಿ ಕೊಡುತ್ತಲೇ ಇರಲಿಲ್ಲ. ಅವಳು ಹೆದರಿದ್ದು ತನ್ನ ಹುಟ್ಟಿಗೆ. ಭಾರತದಲ್ಲಿ ಹುಟ್ಟಿದ ಬಡ ಸಾರ್ಜೆಂಟನ ಮಗಳ ಇಂಗ್ಲಿಷಿಗೂ ವೇಲ್ಸಿನ ಕ್ಯಾಪ್ಟನನ ಮಗಳ ಇಂಗ್ಲಿಷಿಗೂ ವ್ಯಾಕರಣದಲ್ಲಿ ಭೇದವಿಲ್ಲದಿದ್ದರೂ ಮಾರುಕಟ್ಟೆಯಲ್ಲಿ ಬೆಲೆ ಬೇರೆಯಿತ್ತು. ಅವಳು ಸುಮಾರು ಐದು ವರ್ಷ ಕಲಿಸಿದಳು. ಅವಳ ಶಿಷ್ಯರಲ್ಲಿದ್ದ ರಾಜಕುಮಾರ ಚುಲಾಲೊಂಗ್‌ಕೋರ್ನ್ 1868ರಲ್ಲಿ ದೊರೆಯಾಗಿ ಮುಂದೆ ಸಯಾಮಿನಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದ. ಅದರ ಕೀರ್ತಿಯನ್ನು ಅನ್ನಾಳಿಗೆ ಕೊಡುವವರಿದ್ದಾರೆ, ಇದು ಅತಿಶಯೋಕ್ತಿ. ಅರಮನೆಯ ಬಗ್ಗೆ ಅವಳು ಬರೆದ ಪುಸ್ತಕಗಳಲ್ಲೂ ಉತ್ಪ್ರೇಕ್ಷೆ ಧಾರಾಳವಾಗಿದೆ. ಅವಳ ಕಥೆಯನ್ನಾಧರಿಸಿದ 1956ರ ಹಾಲಿವುಡ್ ಚಿತ್ರವನ್ನು ಥಾಯ್ಲೆಂಡ್ ನಿಷೇಧಿಸಿತು. ಅವಳನ್ನು ಹೊಗಳಲೇಬೇಕೆಂದಿಲ್ಲ. ಆದರೆ ಹುಟ್ಟೂರನ್ನೇ ಮುಚ್ಚಿಡುವಂತೆ ಮಾಡಿದ ಆ ಅಂಜಿಕೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು.

ಮತ್ಸುಯೆಯ ಒಕ್ಕಣ್ಣ ಗುರು

ಮೂರನೆಯವನು ಲಾಫ್ಕಾಡಿಯೊ ಹರ್ನ್. 1850ರಲ್ಲಿ ಗ್ರೀಸಿನ ಲೆಫ್ಕಡ ದ್ವೀಪದಲ್ಲಿ ಹುಟ್ಟಿದವನು. ತಂದೆ ಐರಿಷ್, ತಾಯಿ ಗ್ರೀಕ್. ಇಂಗ್ಲೆಂಡಿನ ಶಾಲೆಯಲ್ಲಿ ಆಟವಾಡುವಾಗ ಎಡಗಣ್ಣು ಕಳೆದುಕೊಂಡ. ಸಾಕಿದವರ ಹಣಕಾಸು ಕುಸಿದು ಓದು ಅರ್ಧಕ್ಕೇ ನಿಂತಿತು. 19ನೇ ವಯಸ್ಸಿನಲ್ಲಿ ಬರಿಗೈಯಲ್ಲಿ ಅಮೆರಿಕ ಸೇರಿ, ಪತ್ರಿಕೆಗಳಲ್ಲಿ ದುಡಿದು, 1890ರಲ್ಲಿ ಪತ್ರಿಕಾ ಕೆಲಸದ ಮೇಲೆಯೇ ಜಪಾನಿಗೆ ಬಂದ. ಪ್ರಕಾಶಕರೊಂದಿಗೆ ಜಗಳವಾಗಿ ಆ ಕೆಲಸವೂ ಹೋಯಿತು.

ಆಗ ನೆರವಾದವನು ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾನಿಲಯದಲ್ಲಿ ಜಪಾನಿ ಭಾಷೆಯ ಪ್ರಾಧ್ಯಾಪಕನಾಗಿದ್ದ ಬೇಸಿಲ್ ಹಾಲ್ ಚೇಂಬರ್ಲೇನ್. ಸ್ವಾರಸ್ಯವೆಂದರೆ, ಬ್ಯಾಂಕಿನ ನೌಕರಿ ಬಿಟ್ಟು ಬಂದಿದ್ದ ಆ ಪ್ರಾಧ್ಯಾಪಕನಿಗೂ ಪದವಿ ಇರಲಿಲ್ಲ. ಮತ್ಸುಯೆ ಎಂಬ ದೂರದ ಊರಿನ ಶಾಲೆಯಲ್ಲಿ ಹರ್ನ್‌ಗೆ ತಿಂಗಳಿಗೆ 100 ಯೆನ್ ಸಂಬಳದ ಕೆಲಸ ಸಿಕ್ಕಿತು. ಅಲ್ಲಿಂದ ಕುಮಾಮೊತೊದ ಪ್ರೌಢ ವಿದ್ಯಾಲಯಕ್ಕೆ, ಕೊನೆಗೆ 1896ರಲ್ಲಿ ಅದೇ ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಲು ಹೋದ. ಕೊಯಿಜುಮಿ ಸೆತ್ಸು ಎಂಬ ಸಮುರಾಯ್ ಮನೆತನದ ಹೆಣ್ಣನ್ನು ಮದುವೆಯಾಗಿ, ಜಪಾನಿ ಪೌರತ್ವ ಪಡೆದು, ಕೊಯಿಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡ.

ಅವನು ತರಗತಿಯಲ್ಲಿ ನಿಧಾನವಾಗಿ, ಸರಳ ವಾಕ್ಯಗಳಲ್ಲಿ, ಪರಭಾಷೆಯವರಿಗೆ ಹಿಡಿಸುವಂತೆ ಮಾತನಾಡುತ್ತಿದ್ದ. ವಿದ್ಯಾರ್ಥಿಗಳು ಅದನ್ನು ಅಕ್ಷರಶಃ ಬರೆದುಕೊಳ್ಳುತ್ತಿದ್ದರು. ಅವನು 1904ರಲ್ಲಿ ತೀರಿಕೊಂಡ ಬಳಿಕ ಆ ಟಿಪ್ಪಣಿಗಳಿಂದಲೇ ಅವನ ಉಪನ್ಯಾಸಗಳ ಸಂಪುಟಗಳು ಹೊರಬಂದವು. 1903ರಲ್ಲಿ ವಿಶ್ವವಿದ್ಯಾನಿಲಯ ಅವನನ್ನು ಬಿಟ್ಟಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅವನ ಜಾಗಕ್ಕೆ ಬಂದವನು ಲಂಡನ್ನಿನಲ್ಲಿ ಎರಡು ವರ್ಷ ಓದಿ ಮರಳಿದ್ದ ನತ್ಸುಮೆ ಸೊಸೆಕಿ, ಮುಂದೆ ಜಪಾನಿನ ಮಹಾನ್ ಕಾದಂಬರಿಕಾರನಾದವನು. ಸ್ವದೇಶಿ ಶಿಕ್ಷಕರು ತಯಾರಾದಂತೆ ದುಬಾರಿ ಪರದೇಶಿಗಳ ಅಗತ್ಯ ಕಡಿಮೆಯಾಗುತ್ತಿತ್ತು.

ಮುನ್ಷಿಗಳ ಪಾಡು

ಇದೇ ಕಥೆಯ ಇನ್ನೊಂದು ಮಗ್ಗುಲಿನಲ್ಲಿ ನಮ್ಮ ಮುನ್ಷಿಗಳಿದ್ದಾರೆ. ಈಸ್ಟ್ ಇಂಡಿಯಾ ಕಂಪೆನಿ ತನ್ನ ಅಧಿಕಾರಿಗಳ ತರಬೇತಿಗೆ 1806ರಲ್ಲಿ ಇಂಗ್ಲೆಂಡಿನಲ್ಲಿ ತೆರೆದ ಕಾಲೇಜು ಹೇಲಿಬರಿಯಲ್ಲಿ ನೆಲೆಯಾಯಿತು. ಅಲ್ಲಿ ಗುಲಾಂ ಹೈದರ್, ಮಿರ್ಜಾ ಖಲೀಲರಂಥ ಭಾರತೀಯ ಮುಸ್ಲಿಮರು ಪಾರ್ಸಿ ಕಲಿಸಿದರು. ಅವರಿಗೆ ಬ್ರಿಟಿಷ್ ಪದವಿ ಇರಲಿಲ್ಲ. ನಮ್ಮ ಪರಂಪರೆಯಲ್ಲಿ ಕಲಿಸುವ ಅಧಿಕಾರ ಬರುತ್ತಿದ್ದದ್ದು ಗುರುವಿನ ಇಜಾಝತ್‌ನಿಂದ: ಈ ಗ್ರಂಥವನ್ನು ಇವನು ನನ್ನ ಬಳಿ ಓದಿದ್ದಾನೆ, ಇದನ್ನು ಕಲಿಸಬಲ್ಲ ಎಂದು ಗುರು ಕೊಡುವ ಮಾತು. ಯಾರು, ಯಾವುದನ್ನು, ಯಾರಿಂದ ಕಲಿತರು ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತಿತ್ತು. ಆದರೂ ಹೇಲಿಬರಿಯಲ್ಲಿ ಕಾಲಕ್ರಮೇಣ ಭಾರತೀಯ ಮುನ್ಷಿಗಳು ಮರೆಯಾದರು. ಪಾರ್ಸಿ ಕಲಿಸಲು 1826ರಲ್ಲಿ ಬಂದವನು ಇರಾನಿನ ಮಿರ್ಜಾ ಇಬ್ರಾಹೀಂ. ಭಾಷೆ ಯಾರ ಮನೆಮಾತೋ ಅವರೇ ಉತ್ತಮ ಗುರುಗಳೆಂಬ ನಂಬಿಕೆ ಅಂದೇ ಕೆಲಸ ಮಾಡಿದಂತಿದೆ.

ನಿಯಮ ಬಂದ ಬಗೆ

ಹಾಗಾದರೆ ಪದವಿಯ ಕಟ್ಟಳೆ ಬಂದದ್ದು ಹೇಗೆ? ಅದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಮೆಯಿಜಿ ಕಾಲದ ಆರಂಭದಲ್ಲಿ ಜಪಾನಿನ ಬಂದರುಗಳಲ್ಲಿ ಅಂಗಡಿ ಕೆಲಸದವರೂ ನಾವಿಕರೂ ಪ್ರಾಧ್ಯಾಪಕರ ವೇಷ ಹಾಕಿದ್ದರೆಂದು 1871ರಲ್ಲಿ ಫುಕುಯಿಯಲ್ಲಿ ಕಲಿಸಲು ಬಂದ ಅಮೆರಿಕದ ಗ್ರಿಫಿಸ್ ದೂರಿದ್ದಾನೆ. ಎಲ್ಲ ನಾವಿಕರೂ ಮ್ಯಾಕ್‌ಡೊನಾಲ್ಡ್ ಆಗಿರಲಿಲ್ಲ. ಮಕ್ಕಳ ಸುರಕ್ಷೆಯ ಪ್ರಶ್ನೆಯೂ ಇದೆ. ದಕ್ಷಿಣ ಕೊರಿಯಾದಲ್ಲಿ ಕಲಿಸುತ್ತಿದ್ದ ವಿದೇಶಿಯೊಬ್ಬ 2007ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ ಥಾಯ್ಲೆಂಡಿನಲ್ಲಿ ಸೆರೆಸಿಕ್ಕ ಮೇಲೆ ಆ ದೇಶ ಶಿಕ್ಷಕರ ಹಿನ್ನೆಲೆಯ ಪರಿಶೀಲನೆಯನ್ನು ಬಿಗಿಗೊಳಿಸಿತು. ಇದನ್ನು ಯಾರೂ ಆಕ್ಷೇಪಿಸಲಾರರು.

ಆದರೆ ನಿಯಮಗಳನ್ನು ಸೂಕ್ಷ್ಮವಾಗಿ ನೋಡಿದರೆ ಅನ್ನಾಳ ಅಂಜಿಕೆ ಇನ್ನೂ ಜೀವಂತವಾಗಿದೆ. 1987ರಲ್ಲಿ ಆರಂಭವಾದ ಜಪಾನಿನ ಜೆಟ್ ಯೋಜನೆ ಪದವಿ ಕೇಳುತ್ತದೆ. ಅದು ಯಾವ ವಿಷಯದ್ದಾದರೂ ಆದೀತು. ಭೂಗರ್ಭಶಾಸ್ತ್ರ ಓದಿದವರೂ ಇಂಗ್ಲಿಷ್ ಕಲಿಸಬಹುದು. ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಸಹಾಯಕ ಶಿಕ್ಷಕರ ಬಾಗಿಲು ತೆರೆಯಿತಾದರೂ ಪದವಿಯ ಜತೆಗೆ ಶಿಕ್ಷಕ ಅರ್ಹತೆಯನ್ನೂ ಕೇಳಿತು. ಇನ್ನೊಂದೆಡೆ, ಜಪಾನ್ 1980ರಲ್ಲಿ ಆಸ್ಟ್ರೇಲಿಯಾದೊಂದಿಗೆ ಆರಂಭಿಸಿದ ಯುವಜನರ ರಜಾ–ದುಡಿಮೆಯ ವೀಸಾಕ್ಕೆ ಪದವಿ ಬೇಕಿಲ್ಲ. ಒಪ್ಪಂದವಿರುವ ದೇಶಗಳ ಯುವಕರು ಅದರಲ್ಲಿ ಬಂದು ಪದವಿಯಿಲ್ಲದೆಯೂ ಪಾಠ ಹೇಳುತ್ತಾರೆ. ಪದವಿಯ ಕೊರತೆಯನ್ನು ಕೆಲವು ಪಾಸ್‌ಪೋರ್ಟ್‌ಗಳು ತುಂಬಿಕೊಡುತ್ತವೆ, ಕೆಲವು ತುಂಬಿಕೊಡುವುದಿಲ್ಲ.

ನಮ್ಮ ಯುವಜನರಿಗೆ ಈ ಚರಿತ್ರೆಯಿಂದ ಎರಡು ಮಾತು. ಅನ್ನಾಳ ದಾರಿ ಇಂದು ನಡೆಯದು. ಸುಳ್ಳು ಪದವಿ ಪತ್ರ ಮಾರುವ ದಲ್ಲಾಳಿಗಳ ಬಲೆಗೆ ಬಿದ್ದವರು ಪರದೇಶದ ಸೆರೆಮನೆ ಕಂಡಾರು. ಅಲ್ಲಿ ಮ್ಯಾಕ್‌ಡೊನಾಲ್ಡನಿಗೆ ಸಿಕ್ಕಂಥ ಶಿಷ್ಯರು ಸಿಗಲಾರರು. ನಿಂತ ಓದನ್ನು ಮುಂದುವರಿಸಲು 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳಿವೆ. ಆದರೆ ದೂರಶಿಕ್ಷಣದ ಪದವಿಯನ್ನು ಎಲ್ಲ ದೇಶಗಳೂ ಒಪ್ಪುವುದಿಲ್ಲ. ಹೋಗಬೇಕೆಂದಿರುವ ದೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಇನ್ನೊಂದು ಮಾತು ಶಾಲೆ ನಡೆಸುವವರಿಗೆ, ನಮ್ಮೂರಿನವರಿಗೂ ಸೇರಿ. ನಾಗಸಾಕಿಯ ಅಧಿಕಾರಿಗಳು ಸೆರೆಯಾಳನ್ನು ಗುರುವಾಗಿ ಒಪ್ಪಿದ್ದು ಅವನ ಮಾತು ಕೇಳಿ, ನಡತೆ ನೋಡಿ. ಕಾಗದ ಪತ್ರ ಪರೀಕ್ಷಿಸುವುದು ಅಗತ್ಯವೇ. ಅದರೊಂದಿಗೆ ಅಭ್ಯರ್ಥಿಯನ್ನು ಒಂದು ಗಂಟೆ ಮಕ್ಕಳ ಮುಂದೆ ನಿಲ್ಲಿಸಿ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವುದು ಕಷ್ಟದ ಕೆಲಸವೇನಲ್ಲ. ಆ ಒಂದು ಗಂಟೆಯ ಅವಕಾಶ ಸಿಗದೆ ಎಷ್ಟು ಮಂದಿ ಒಳ್ಳೆಯ ಮೇಷ್ಟರುಗಳು ಅಂಗಡಿಯ ಲೆಕ್ಕ ಬರೆಯುತ್ತಾ ಉಳಿದಿದ್ದಾರೋ ಯೋಚಿಸಬೇಕು.